ಸರೋವರದ ದಂಡೆಯ ಹುಡುಗ: ಚೆಕಾವ್‌ನ ಟ್ರೆಪ್ಲೆವ್‌ನನ್ನು ಓದುವ ಬಗೆ

ಆಂಟನ್ ಚೆಕಾವ್‌ನ 'ದ ಸೀಗಲ್' ನಾಟಕವನ್ನು ಮೊದಲ ಸಲ ಓದಿದವರ ಮನಸ್ಸಿನಲ್ಲಿ ಉಳಿಯುವುದು ಬಹುಮಟ್ಟಿಗೆ ಒಬ್ಬ ಹುಡುಗ. ಹೆಸರು ಕಾನ್‌ಸ್ಟಂಟೀನ್ ಟ್ರೆಪ್ಲೆವ್. ಮನೆಯವರಿಗೆ ಕೋಸ್ತ್ಯಾ. ವಯಸ್ಸು 25. ತಾಯಿ ಹೆಸರಾಂತ ನಟಿ, ಅವಳ ಪ್ರಿಯಕರ ಹೆಸರಾಂತ ಕತೆಗಾರ. ತಾನು ಮಾತ್ರ ಏನೂ ಅಲ್ಲ ಎಂಬುದು ಹುಡುಗನನ್ನು ಒಳಗೊಳಗೇ ಸುಡುತ್ತದೆ. ಅವನು ಒಂದು ನಾಟಕ ಬರೆಯುತ್ತಾನೆ, ಅದು ಸೋಲುತ್ತದೆ. ಒಬ್ಬ ಹುಡುಗಿಯನ್ನು ಪ್ರೀತಿಸುತ್ತಾನೆ, ಅವಳು ತಾಯಿಯ ಆ ಪ್ರಿಯಕರನಿಗೇ ಒಲಿದು ಹೋಗುತ್ತಾಳೆ. ಕೊನೆಯ ಅಂಕದಲ್ಲಿ ಅವನು ಆತ್ಮಹತ್ಯೆ ಮಾಡಿಕೊಳ್ಳುತ್ತಾನೆ.

ಇಷ್ಟೇ ಕತೆಯನ್ನಿಟ್ಟುಕೊಂಡು ಪಾತ್ರವನ್ನು ವಿಶ್ಲೇಷಿಸಲು ಕೂತರೆ ಎರಡು ಉತ್ತರಗಳು ತಾವಾಗಿಯೇ ಬರುತ್ತವೆ. ಅವನಿಗೆ ಮಾನಸಿಕ ಕಾಯಿಲೆ ಇತ್ತು ಎನ್ನುವುದು ಒಂದು, ತಾಯಿ ಪ್ರೀತಿ ಕೊಡಲಿಲ್ಲ ಎನ್ನುವುದು ಇನ್ನೊಂದು. ಎರಡರಲ್ಲೂ ಸ್ವಲ್ಪ ಹುರುಳಿರಬಹುದು. ಆದರೆ ಎರಡನ್ನೂ ಪುಸ್ತಕ ಮುಚ್ಚಿಟ್ಟೂ ಹೇಳಬಹುದು, ಅದೇ ತೊಂದರೆ. ನಾಟಕದ ಪಾತ್ರವನ್ನು ಅರಿಯಬೇಕಾದರೆ ಪುಸ್ತಕ ತೆರೆದಿರಬೇಕು, ಬೆರಳು ಒಂದು ನಿರ್ದಿಷ್ಟ ಮಾತಿನ ಮೇಲಿರಬೇಕು. ಕಾದಂಬರಿಕಾರನ ಹಾಗೆ ನಾಟಕಕಾರ ಪಾತ್ರದ ಮನಸ್ಸಿನೊಳಗೆ ಹೊಕ್ಕು ವರದಿ ಒಪ್ಪಿಸುವುದಿಲ್ಲ. ಪಾತ್ರ ಏನು ಹೇಳಿತು, ಏನು ಮಾಡಿತು, ಯಾರ ಮಾತಿಗೆ ಉತ್ತರ ಕೊಡದೆ ಎದ್ದುಹೋಯಿತು, ಇವಿಷ್ಟೇ ನಮ್ಮ ಕೈಗೆ ಸಿಗುತ್ತವೆ. ಚೆಕಾವ್ ವೃತ್ತಿಯಿಂದ ವೈದ್ಯ. ಈ ನಾಟಕದಲ್ಲೂ ಡಾರ್ನ್ ಎಂಬ ವೈದ್ಯನಿದ್ದಾನೆ. ಆದರೂ ನಾಲ್ಕು ಅಂಕಗಳಲ್ಲಿ ಎಲ್ಲಿಯೂ ಟ್ರೆಪ್ಲೆವ್‌ಗೆ ಒಂದು ರೋಗದ ಹೆಸರು ಅಂಟಿಸಿಲ್ಲ. ವೈದ್ಯನೇ ಬಿಟ್ಟುಬಿಟ್ಟದ್ದನ್ನು ಓದುಗರಾದ ನಾವು ಮೊದಲ ಪುಟದಲ್ಲೇ ಮಾಡಹೊರಡುವುದು ಬೇಡ.

ಮೊದಲ ಅಂಕದಿಂದ ಶುರುಮಾಡೋಣ. ಸ್ಥಳ ರಷ್ಯಾದ ಹಳ್ಳಿಗಾಡಿನ ಒಂದು ಜಮೀನ್ದಾರಿ ಮನೆ. ಟ್ರೆಪ್ಲೆವ್‌ನ ಸೋದರಮಾವ ಸೋರಿನ್‌ನದು. ಉದ್ಯಾನದ ತುದಿಯಲ್ಲಿ ಸರೋವರ, ಅದಕ್ಕೆ ಅಡ್ಡವಾಗಿ ಆತುರಾತುರವಾಗಿ ಕಟ್ಟಿದ ಒಂದು ರಂಗ. ಪರದೆ ಇನ್ನೂ ಇಳಿಬಿಟ್ಟಿದೆ, ಅದರ ಹಿಂದೆ ಸುತ್ತಿಗೆಯ ಸದ್ದು. ಟ್ರೆಪ್ಲೆವ್ ಬರೆದ ನಾಟಕ ಇವತ್ತು ಸಂಜೆ, ಚಂದ್ರ ಹುಟ್ಟುವ ಹೊತ್ತಿಗೆ ಸರಿಯಾಗಿ, ಎಂಟೂವರೆಗೆ ಶುರುವಾಗಬೇಕು. ನಟಿಸುವವಳು ಸರೋವರದಾಚೆಯ ಮನೆಯ ಹುಡುಗಿ ನೀನಾ. ಇಂಥ ಸಂಜೆ ನಾಟಕದ ಮಾಲೀಕ ಏನು ಮಾತಾಡಬಹುದು? ಸೋರಿನ್ ಮಾವನ ಜೊತೆ ಅವನಾಡುವ ದೀರ್ಘ ಮಾತನ್ನು ಪೆನ್ಸಿಲ್ ಹಿಡಿದು ಓದಿ. ರಂಗದ ಬಗ್ಗೆ ಎರಡು ಮಾತು, ಒಡನೆಯೇ ತಾಯಿಯ ಬಗ್ಗೆ ಹತ್ತು ಮಾತು. ಅವಳು ಪ್ರತಿಭಾವಂತೆ, ಬುದ್ಧಿವಂತೆ, ರೋಗಿಗಳ ಆರೈಕೆಗೆ ನಿಂತರೆ ದೇವತೆ. ಆದರೆ ಅವಳೆದುರು ಇನ್ನೊಬ್ಬ ನಟಿಯನ್ನು ಹೊಗಳುವಂತಿಲ್ಲ. ಒಡೆಸ್ಸಾದ ಬ್ಯಾಂಕಿನಲ್ಲಿ 70,000 ಇಟ್ಟಿದ್ದಾಳೆ, ಸಾಲ ಕೇಳಿದರೆ ಅಳುತ್ತಾಳೆ. ತಾನು ಪಕ್ಕದಲ್ಲಿಲ್ಲದಾಗ ಅವಳ ವಯಸ್ಸು 32, ತಾನು ಎದುರಿಗೆ ಬಂದ ಕೂಡಲೇ 43, ಅದಕ್ಕೇ ತನ್ನನ್ನು ಕಂಡರೆ ಆಗದು. ಹೀಗೆ ಹೇಳುತ್ತಲೇ ಅವನು ಒಂದು ಹೂವಿನ ಎಸಳುಗಳನ್ನು ಕೀಳುತ್ತಾನೆ: ಪ್ರೀತಿಸುತ್ತಾಳೆ, ಪ್ರೀತಿಸುವುದಿಲ್ಲ. ಪ್ರೇಮಿಗಳು ಆಡುವ ಆಟ ಅದು. ಇವನು ಅದನ್ನು ಆಡುತ್ತಿರುವುದು ಅಮ್ಮನ ಮೇಲೆ.

ಅದೇ ಉಸಿರಿನಲ್ಲಿ ಮಾತು ಕಲೆಗೆ ಹೊರಳುತ್ತದೆ. ಈಗಿನ ರಂಗಭೂಮಿ ಬರೀ ರೂಢಿ, ಹೊಸ ರೂಪಗಳು ಬೇಕು, ಅವಿಲ್ಲದಿದ್ದರೆ ಏನೂ ಬೇಡ ಎಂಬುದು ಅವನ ವಾದ. ವಾದವನ್ನು ನಾವು ಹಗುರವಾಗಿ ತೆಗೆದುಕೊಳ್ಳಬಾರದು. 1890ರ ದಶಕದ ರಷ್ಯಾದಲ್ಲಿ ಯುವ ಬರಹಗಾರರು ಇಂಥದ್ದನ್ನೇ ಕೇಳುತ್ತಿದ್ದರು, ಚೆಕಾವ್ ಕೂಡ ಇದೇ ನಾಟಕದಲ್ಲಿ ಹೊಸ ರೂಪವೊಂದನ್ನು ಹುಡುಕುತ್ತಿದ್ದ. ಆದರೆ ಟ್ರೆಪ್ಲೆವ್ ಬೈಯುವ ಹಳೆಯ ರಂಗಭೂಮಿಯ ರಾಣಿ ಯಾರು? ಅವನ ತಾಯಿ ಅರ್ಕಾದಿನಾ. ಹಳೆಯ ಸಾಹಿತ್ಯದ ಯಶಸ್ವಿ ಕೈ ಯಾರದು? ಅವಳ ಜೊತೆಗಾರ ಟ್ರಿಗೋರಿನ್‌ನದು. ಹೀಗಾಗಿ ಅವನ ಕಲೆಯ ವಾದವೂ ಮನೆಯ ಜಗಳವೂ ಬಿಡಿಸಲಾಗದಂತೆ ಹೆಣೆದುಕೊಂಡಿವೆ. ಒಂದು ನಿಜ, ಇನ್ನೊಂದು ನೆಪ ಎಂದು ಬೇರ್ಪಡಿಸಿದರೆ ಪಾತ್ರ ಸಣ್ಣದಾಗುತ್ತದೆ. ಎರಡೂ ನಿಜ.

ಇನ್ನೊಂದು ಸಂಗತಿ ಇಲ್ಲೇ ಬರುತ್ತದೆ, ಹೊಸಬರು ಅದನ್ನು ದಾಟಿಹೋಗುವುದೇ ಹೆಚ್ಚು. ವಿಶ್ವವಿದ್ಯಾಲಯವನ್ನು ಮೂರನೆಯ ವರ್ಷದಲ್ಲೇ ಬಿಟ್ಟವನು ಅವನು. ಕೈಯಲ್ಲಿ ಕಾಸಿಲ್ಲ. ಪಾಸ್‌ಪೋರ್ಟಿನ ಪ್ರಕಾರ ಕೀವ್ ಪಟ್ಟಣದ ಒಬ್ಬ ಸಾಮಾನ್ಯ ವರ್ಗದವನು, ಏಕೆಂದರೆ ತಂದೆ ನಟನಾಗಿ ಹೆಸರು ಮಾಡಿದ್ದರೂ ಹುಟ್ಟಿನಿಂದ ಆ ವರ್ಗದವನೇ. ತಾಯಿಯ ದಿವಾನಖಾನೆಯಲ್ಲಿ ದೊಡ್ಡ ಕಲಾವಿದರು ನೆರೆದಾಗ, ಇವಳ ಮಗ ಎಂಬ ಒಂದೇ ಕಾರಣಕ್ಕೆ ತನ್ನನ್ನು ಸಹಿಸಿಕೊಳ್ಳುತ್ತಾರೆ ಎಂದು ಅವನಿಗೆ ಅನ್ನಿಸುತ್ತದೆ. ಮೂರನೆಯ ಅಂಕದಲ್ಲಿ ಸೋರಿನ್ ತಂಗಿಯ ಬಳಿ ಹೇಳುವುದೂ ಇದನ್ನೇ: ಹುಡುಗ ಬುದ್ಧಿವಂತ, ಹಳ್ಳಿ ಮೂಲೆಯಲ್ಲಿ ಬಿದ್ದಿದ್ದಾನೆ, ದುಡ್ಡಿಲ್ಲ, ಸ್ಥಾನವಿಲ್ಲ, ಮಾಡಲು ಕೆಲಸವಿಲ್ಲ, ಸುಮ್ಮನೆ ಕೂತಿರುವುದಕ್ಕೆ ನಾಚಿಕೆಪಡುತ್ತಾನೆ. ಮೂರು ವರ್ಷದಿಂದ ಒಂದೇ ಕೋಟು ಹಾಕುತ್ತಿದ್ದಾನೆ, ಸ್ವಲ್ಪ ಹಣ ಕೊಡು ಎಂದು ಮಾವ ಬೇಡಿಕೊಳ್ಳುತ್ತಾನೆ. ನನಗೆ ಕೇಳಿದರೆ ನಾಟಕದಲ್ಲಿ ಟ್ರೆಪ್ಲೆವ್‌ನ ಬಗ್ಗೆ ಅತ್ಯಂತ ಸರಿಯಾದ ಮಾತು ಇದೇ. ಆದರೆ ಆಡುವವನು ಮರೆಗುಳಿ ಮುದುಕ, ಅವನ ಮಾತಿಗೆ ಮನೆಯಲ್ಲಿ ಬೆಲೆಯಿಲ್ಲ. ಅರ್ಕಾದಿನಾ ತನ್ನ ಉಡುಪಿನ ಖರ್ಚನ್ನು ಮುಂದಿಟ್ಟು ಕೈಚೆಲ್ಲುತ್ತಾಳೆ.

ಈಗ ಆ ಸಂಜೆಯ ಪ್ರದರ್ಶನ. ಪರದೆ ಏಳುತ್ತದೆ. ಸರೋವರ, ಚಂದ್ರ, ನೀರಿನಲ್ಲಿ ಅದರ ಬಿಂಬ. ಬಂಡೆಯ ಮೇಲೆ ಬಿಳಿ ಉಡುಪಿನ ನೀನಾ. ಎರಡು ಲಕ್ಷ ವರ್ಷಗಳ ನಂತರ, ಜೀವಿಗಳೆಲ್ಲ ಅಳಿದ ಮೇಲೆ, ಉಳಿದ ಒಂದೇ ವಿಶ್ವಾತ್ಮದ ಮಾತನ್ನು ಅವಳು ಆಡುತ್ತಾಳೆ. ಅರ್ಕಾದಿನಾ ನಡುನಡುವೆ ಬಾಯಿ ಹಾಕುತ್ತಾಳೆ. ಗಂಧಕದ ವಾಸನೆ ಬಂದಾಗ, ಇದೂ ಬೇಕಿತ್ತೇ ಎಂದು ಕೇಳಿ ನಗುತ್ತಾಳೆ. ಹುಡುಗ ಒಂದೆರಡು ಸಲ ಸಹಿಸಿ, ಆಮೇಲೆ ಸಿಟ್ಟಿನಿಂದ ಪರದೆ ಎಳೆಯಲು ಕೂಗಿ, ಹೊರಟುಹೋಗುತ್ತಾನೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಾಟಕವನ್ನು ನಿಲ್ಲಿಸಿದವರು ಯಾರು? ತಾಯಿ ನಿಲ್ಲಿಸಿದಳು ಎಂದು ಹಲವರು ಬರೆಯುತ್ತಾರೆ. ಪಠ್ಯ ನೋಡಿದರೆ ನಿಲ್ಲಿಸಿದವನು ಅವನೇ. ಅವಳು ಅಪಹಾಸ್ಯ ಮಾಡಿದ್ದು ನಿಜ, ಅದು ಕ್ರೂರವೂ ಹೌದು. ಆದರೆ ಬಂಡೆಯ ಮೇಲಿದ್ದ ನೀನಾ ಇನ್ನೂ ಮಾತಾಡುತ್ತಿದ್ದಳು, ಡಾರ್ನ್ ಇನ್ನೂ ಕೇಳುತ್ತಿದ್ದ. ತಾಯಿಯ ನಗು ಕಿವಿಗೆ ಬಿದ್ದೊಡನೆ ಟ್ರೆಪ್ಲೆವ್‌ಗೆ ಮಿಕ್ಕ ಕಿವಿಗಳೆಲ್ಲ ಇಲ್ಲವಾದವು. ಮುಂದೆಯೂ ಇದನ್ನೇ ಗಮನಿಸಿ. ಎರಡನೆಯ ಅಂಕದಲ್ಲಿ ಆ ನಾಟಕದ ಹಸ್ತಪ್ರತಿಯನ್ನು ಒಂದು ಚೂರೂ ಬಿಡದೆ ಸುಟ್ಟೆ ಎನ್ನುತ್ತಾನೆ. ನಾಲ್ಕನೆಯ ಅಂಕದಲ್ಲಿ ಬರೆದದ್ದನ್ನೆಲ್ಲ ಹರಿದುಹಾಕುತ್ತಾನೆ. ಬೇರೆಯವರು ತನ್ನನ್ನು ನಿರಾಕರಿಸುವರೆಂಬ ಭಯ ಬಂದಾಗಲೆಲ್ಲ, ಅವರಿಗಿಂತ ಮೊದಲು ತಾನೇ ತನ್ನ ಕೆಲಸವನ್ನು ನಾಶಮಾಡುವುದು ಅವನ ಸ್ವಭಾವ. ಪಾತ್ರವಿಶ್ಲೇಷಣೆ ಎಂದರೆ ಇಂಥ ಮರುಕಳಿಸುವ ಕ್ರಿಯೆಯನ್ನು ಹುಡುಕುವುದು. 'ಸೂಕ್ಷ್ಮ ಸ್ವಭಾವದವನು' ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. 'ಮೂರು ಸಲ ತನ್ನ ಬರಹವನ್ನು ತಾನೇ ಅಳಿಸಿದವನು' ಎಂದು ಬರೆದರೆ ಅದನ್ನು ಪುಟ ತೋರಿಸಿ ಸಮರ್ಥಿಸಬಹುದು.

ಪ್ರದರ್ಶನದ ನಂತರದ ಒಂದು ಪುಟ್ಟ ಭಾಗ ನನಗೆ ಬಹಳ ಮುಖ್ಯವೆನಿಸುತ್ತದೆ. ಎಲ್ಲರೂ ಮನೆಯತ್ತ ಹೋಗಿದ್ದಾರೆ. ಡಾರ್ನ್ ಒಬ್ಬನೇ ಉಳಿದಿದ್ದಾನೆ, ಟ್ರೆಪ್ಲೆವ್ ಬರುತ್ತಾನೆ. ವೈದ್ಯ ಮನಸಾರೆ ಹೊಗಳುತ್ತಾನೆ: ವಿಚಿತ್ರವಾಗಿತ್ತು, ಕೊನೆ ಕೇಳಲಿಲ್ಲ, ಆದರೆ ಗಾಢವಾಗಿ ತಟ್ಟಿತು, ನಿನ್ನಲ್ಲಿ ಪ್ರತಿಭೆಯಿದೆ, ಬಿಡಬೇಡ. ಹುಡುಗನ ಕಣ್ಣಲ್ಲಿ ನೀರು. ಡಾರ್ನ್‌ನನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ. ಇಡೀ ನಾಟಕದಲ್ಲಿ ಅವನಿಗೆ ಬೇಕಾದದ್ದು ಇದೊಂದೇ ಸಲ ಸಿಗುತ್ತದೆ, ಕೇಳದೆಯೇ ಸಿಗುತ್ತದೆ. ವೈದ್ಯ ಮುಂದುವರಿಸಿ, ಏಕೆ ಬರೆಯುತ್ತಿದ್ದೇನೆ ಎಂಬುದು ಬರೆಯುವವನಿಗೆ ಸ್ಪಷ್ಟವಿರಬೇಕು, ಇಲ್ಲದಿದ್ದರೆ ಪ್ರತಿಭೆಯೇ ಅವನನ್ನು ಹಾಳುಮಾಡುತ್ತದೆ ಎಂದು ಎಚ್ಚರಿಸುತ್ತಾನೆ. ಟ್ರೆಪ್ಲೆವ್ ಮಾತು ಮುಗಿಯಲೂ ಬಿಡದೆ ಕೇಳುವುದು: ನೀನಾ ಎಲ್ಲಿ? ಅವನ ಜೀವನಕ್ಕೆ ಬೇಕಾಗಿದ್ದ ಒಂದೇ ಪಾಠವನ್ನು ಯಾರೋ ಅಕ್ಕರೆಯಿಂದ ಹೇಳಿಕೊಡುತ್ತಿದ್ದರು, ಅವನ ಕಿವಿ ಬೇರೆಲ್ಲೋ ಇತ್ತು.

ಮಾಷಾಳ ಪ್ರಸಂಗವನ್ನೂ ಇದರ ಪಕ್ಕದಲ್ಲೇ ಇಟ್ಟು ನೋಡಬೇಕು. ಮಾಷಾ ಮನೆಯ ಮೇಲ್ವಿಚಾರಕನ ಮಗಳು. ಯಾವಾಗಲೂ ಕಪ್ಪು ಬಟ್ಟೆ, ಟ್ರೆಪ್ಲೆವ್ ಮೇಲೆ ಹೇಳತೀರದ ಪ್ರೀತಿ. ಅವನು ಅವಳಿಗೆ ಏನು ಕೊಡುತ್ತಾನೆ? ಮೊದಲ ಅಂಕದಲ್ಲಿ, ನನ್ನ ಹಿಂದೆ ಬರಬೇಡಿ ಎಂದು ಎಲ್ಲರ ಮೇಲೂ ಸಿಡುಕುತ್ತಾನೆ, ಅವಳೆದುರಿಗೇ. ನಾಲ್ಕನೆಯ ಅಂಕದಲ್ಲಿ ಮಾಷಾಳ ತಾಯಿ ಪೊಲಿನಾ ಅವನ ತಲೆ ಸವರಿ, ನನ್ನ ಮಗಳ ಕಡೆ ಒಂದು ಸಲ ಅಕ್ಕರೆಯಿಂದ ನೋಡು ಸಾಕು ಎಂದು ಬೇಡುತ್ತಾಳೆ. ಅವನು ಮೇಜಿನಿಂದ ಎದ್ದು ಒಂದು ಮಾತೂ ಆಡದೆ ಹೊರಗೆ ಹೋಗುತ್ತಾನೆ. ತಾಯಿಯಿಂದ ತನಗೆ ಸಿಗದ ಆ ಒಂದು ನೋಟವನ್ನೇ ಅವನು ಇನ್ನೊಬ್ಬಳಿಗೆ ಕೊಡಲಾರ. ನೊಂದವನ ಮೇಲೆ ನಮಗೆ ಮರುಕ ಬರುವುದು ಸಹಜ, ಬರಬೇಕು ಕೂಡ. ಆದರೆ ಮರುಕದ ಭರದಲ್ಲಿ ಈ ದೃಶ್ಯಗಳನ್ನು ಬಿಟ್ಟು ಓದಿದರೆ ಅವನ ಅರ್ಧ ಮಾತ್ರ ಕಾಣುತ್ತದೆ.

ಇನ್ನು ಹ್ಯಾಮ್ಲೆಟ್. ಟ್ರೆಪ್ಲೆವ್‌ನ ನಾಟಕ ಶುರುವಾಗುವ ಮುನ್ನ ತಾಯಿಮಗ ಶೇಕ್ಸ್‌ಪಿಯರ್‌ನ ಸಾಲುಗಳಲ್ಲಿ ಪರಸ್ಪರ ಚುಚ್ಚಿಕೊಳ್ಳುತ್ತಾರೆ, ರಾಣಿ ಗರ್ಟ್ರೂಡಳನ್ನು ಮಗ ತರಾಟೆಗೆ ತೆಗೆದುಕೊಳ್ಳುವ ದೃಶ್ಯದ ಸಾಲುಗಳವು. ಎರಡನೆಯ ಅಂಕದಲ್ಲಿ ಪುಸ್ತಕ ಹಿಡಿದು ಬರುವ ಟ್ರಿಗೋರಿನ್‌ನನ್ನು ಕಂಡು ಟ್ರೆಪ್ಲೆವ್ ಮತ್ತೆ ಹ್ಯಾಮ್ಲೆಟ್‌ನನ್ನೇ ನೆನೆಯುತ್ತಾನೆ. ನಮ್ಮಲ್ಲಿ ಕುವೆಂಪು ಹ್ಯಾಮ್ಲೆಟ್‌ನ ಕತೆಯನ್ನು ಬಿದನೂರಿನ ಇತಿಹಾಸಕ್ಕೆ ತಂದು 'ರಕ್ತಾಕ್ಷಿ' ಬರೆದರು. ಅದನ್ನು ಓದಿದವರಿಗೆ ಈ ನೆರಳು ಬೇಗ ಗುರುತು ಸಿಗುತ್ತದೆ. ಚೆಕಾವ್ ಮಾಡುವುದು ಬೇರೆ. ಅವನ ಹುಡುಗ ತಾನೇ ಹ್ಯಾಮ್ಲೆಟ್ ಆಗಬಯಸುತ್ತಾನೆ. ಹ್ಯಾಮ್ಲೆಟ್‌ಗೆ ಕೊಲೆಯಾದ ತಂದೆಯಿದ್ದ, ಆ ತಂದೆಯ ಪ್ರೇತ ಬಂದು ಒಂದು ಕರ್ತವ್ಯ ಒಪ್ಪಿಸಿತ್ತು. ಟ್ರೆಪ್ಲೆವ್‌ನ ತಂದೆಯಿಂದ ಉಳಿದದ್ದು ಪಾಸ್‌ಪೋರ್ಟಿನ ಒಂದು ಪದ. ಯಾರೂ ಅವನಿಗೆ ಏನನ್ನೂ ಒಪ್ಪಿಸಿಲ್ಲ. ಟ್ರಿಗೋರಿನ್ ಕೊಲೆಗಾರನಲ್ಲ, ಮೀನು ಹಿಡಿಯುವುದೆಂದರೆ ಪ್ರಾಣ ಬಿಡುವ, ಗಟ್ಟಿ ಮನಸ್ಸಿಲ್ಲದ, ತನ್ನ ಬರವಣಿಗೆಯ ಬಗ್ಗೆ ತಾನೇ ಅತೃಪ್ತನಾದ ಮನುಷ್ಯ. ದೊಡ್ಡ ದುರಂತದ ಪಾತ್ರ ಹಾಕಿಕೊಂಡವನಿಗೆ ಎದುರಾಳಿಯೇ ಸಿಗುವುದಿಲ್ಲ.

ಸತ್ತ ಹಕ್ಕಿಯ ಪ್ರಸಂಗ ಎಲ್ಲರಿಗೂ ನೆನಪಿರುವುದರಿಂದ ಅದನ್ನು ಹೆಚ್ಚು ಬೆಳೆಸುವುದಿಲ್ಲ. ತಾನು ಹೊಡೆದ ಕಡಲಹಕ್ಕಿಯನ್ನು ನೀನಾಳ ಕಾಲಬಳಿ ಇಟ್ಟು, ಮುಂದೆ ತನ್ನನ್ನೂ ಹೀಗೇ ಕೊಂದುಕೊಳ್ಳುತ್ತೇನೆ ಎನ್ನುತ್ತಾನೆ. ಅವಳಿಗೆ ಅರ್ಥವಾಗುವುದಿಲ್ಲ, ಇತ್ತೀಚೆಗೆ ನೀನು ಸಂಕೇತಗಳಲ್ಲೇ ಮಾತಾಡುತ್ತೀಯ ಎನ್ನುತ್ತಾಳೆ. ಗಮನಿಸಬೇಕಾದ್ದು ಇಷ್ಟು: ಅವನು ಸಂಕಟವನ್ನು ನೇರ ಹೇಳಲಾರ, ರಂಗದ ಮೇಲೆ ಇಡುವಂತೆ ಇಡುತ್ತಾನೆ. ನೋಡುವವರು ಅದನ್ನು ಪ್ರದರ್ಶನ ಎಂದುಕೊಳ್ಳುತ್ತಾರೆ, ಬೆದರಿಕೆಯ ಹಿಂದೆ ನಿಜವಾದ ಅಪಾಯ ಇದೆಯೆಂದು ಯಾರಿಗೂ ಹೊಳೆಯುವುದಿಲ್ಲ.

ಎರಡನೆಯ ಮತ್ತು ಮೂರನೆಯ ಅಂಕಗಳ ನಡುವೆ ಅವನು ಮೊದಲ ಸಲ ಗುಂಡು ಹಾರಿಸಿಕೊಂಡಿದ್ದಾನೆ, ಬದುಕಿದ್ದಾನೆ. ಚೆಕಾವ್ ಅದನ್ನು ರಂಗದ ಮೇಲೆ ತರುವುದಿಲ್ಲ. ನಮಗೆ ತೋರಿಸುವುದು ತಲೆಯ ಪಟ್ಟಿಯನ್ನು. 1895ರಲ್ಲಿ ಚೆಕಾವ್‌ನ ಗೆಳೆಯ, ಚಿತ್ರಕಾರ ಲೆವಿಟಾನ್ ಇದೇ ರೀತಿ ಗುಂಡು ಹಾರಿಸಿಕೊಂಡು ಬದುಕುಳಿದಿದ್ದ, ಚೆಕಾವ್ ಅವನನ್ನು ನೋಡಲು ಹೋಗಿದ್ದ. ನಾಟಕ ಬರೆದದ್ದೂ ಅದೇ ವರ್ಷ. ಅಷ್ಟಕ್ಕೇ ಟ್ರೆಪ್ಲೆವ್ ಎಂದರೆ ಲೆವಿಟಾನ್ ಎಂದು ಸಮೀಕರಣ ಬರೆಯಬೇಡಿ, ಇವರಿಬ್ಬರ ಬದುಕು ಬೇರೆಬೇರೆ.

ಪಟ್ಟಿ ಬದಲಿಸುವ ದೃಶ್ಯವನ್ನು ಗಟ್ಟಿಯಾಗಿ, ಇಬ್ಬರು ಎದುರುಬದುರು ಕೂತು ಓದಿ. ಹುಡುಗ ತಾಯಿಯನ್ನು ಪಟ್ಟಿ ಬದಲಿಸಲು ಕೇಳುತ್ತಾನೆ. ಅವಳು ಔಷಧದ ಡಬ್ಬಿ ತರುತ್ತಾಳೆ, ಹಳೆಯ ಪಟ್ಟಿ ಬಿಚ್ಚುತ್ತಾಳೆ, ಗಾಯ ಬಹುಪಾಲು ಮಾಗಿದೆ ಎಂದು ಹೇಳಿ ತಲೆಗೆ ಮುತ್ತಿಡುತ್ತಾಳೆ. ಅವನು ಚಿಕ್ಕಂದಿನ ನೆನಪು ತೆಗೆಯುತ್ತಾನೆ: ವಠಾರದ ಅಂಗಳದಲ್ಲಿ ಏಟು ತಿಂದ ಬಟ್ಟೆ ಒಗೆಯುವ ಹೆಂಗಸೊಬ್ಬಳನ್ನು ಅಮ್ಮ ಆರೈಕೆ ಮಾಡಿದ್ದು, ಅವಳ ಮಕ್ಕಳಿಗೆ ಸ್ನಾನ ಮಾಡಿಸಿದ್ದು. ತಾಯಿಗೆ ಅದು ನೆನಪಿಲ್ಲ. ಕಾಫಿಗೆ ಬರುತ್ತಿದ್ದ ಇಬ್ಬರು ನರ್ತಕಿಯರು ಮಾತ್ರ ನೆನಪಿದ್ದಾರೆ. ಹುಡುಗ ಸಿಟ್ಟಾಗುವುದಿಲ್ಲ. ಈ ಕೆಲವು ದಿನಗಳಲ್ಲಿ ನಿನ್ನನ್ನು ಚಿಕ್ಕಂದಿನ ಹಾಗೆ ಪ್ರೀತಿಸುತ್ತಿದ್ದೇನೆ, ನಿನ್ನ ಬಿಟ್ಟರೆ ಯಾರೂ ಇಲ್ಲ ಎನ್ನುತ್ತಾನೆ. ಅಲ್ಲಿಗೇ ನಿಂತಿದ್ದರೆ! ಮುಂದಿನ ಮಾತು ಟ್ರಿಗೋರಿನ್‌ನ ಬಗ್ಗೆ. ಒಂದು ನಿಮಿಷದಲ್ಲಿ ತಾಯಿಮಗ ಇಬ್ಬರೂ ಅರಚುತ್ತಿದ್ದಾರೆ. ಅವನು ಅವಳ ನಾಟಕಗಳನ್ನು ಹೀಗಳೆಯುತ್ತಾನೆ, ಅವಳು ಅವನ ಅತ್ಯಂತ ನೋಯುವ ಜಾಗ ಹುಡುಕಿ, ಕೀವ್‌ನ ಆ ವರ್ಗದ ಹೆಸರಿನಿಂದಲೇ ಜರೆಯುತ್ತಾಳೆ, ತಿರುಕ ಎನ್ನುತ್ತಾಳೆ. ಅವನು ಕೂತು ಸದ್ದಿಲ್ಲದೆ ಅಳುತ್ತಾನೆ. ಅವಳೂ ಅಳುತ್ತಾಳೆ, ಕ್ಷಮೆ ಕೇಳುತ್ತಾಳೆ, ಅಪ್ಪಿಕೊಳ್ಳುತ್ತಾಳೆ.

ಅರ್ಕಾದಿನಾಳನ್ನು ರಾಕ್ಷಸಿಯಾಗಿ ಚಿತ್ರಿಸುವವರು ಈ ದೃಶ್ಯಕ್ಕೆ ಉತ್ತರ ಹೇಳಬೇಕು. ಅವಳಿಗೆ ಪ್ರೀತಿಯಿದೆ. ಕೈಯಲ್ಲಿ ಮಾಡುವ ಆರೈಕೆಯಾದರೆ ಅದು ಹರಿಯುತ್ತದೆ. ಮಗ ಬರಹಗಾರನಾಗಿ, ಸಮನಾಗಿ ಎದುರು ನಿಂತ ಕೂಡಲೇ ಅದು ಬತ್ತುತ್ತದೆ. ಮಗನಿಗೆ ಬೇಕಾದದ್ದು ಎರಡೂ.

ನಾಲ್ಕನೆಯ ಅಂಕಕ್ಕೆ ಬಂದಾಗ ಎರಡು ವರ್ಷ ಕಳೆದಿದೆ. ಟ್ರೆಪ್ಲೆವ್‌ನ ಕತೆಗಳು ಪತ್ರಿಕೆಗಳಲ್ಲಿ ಬರುತ್ತಿವೆ, ದೂರದ ನಗರಗಳಲ್ಲಿ ಜನ ಅವನ ಬಗ್ಗೆ ವಿಚಾರಿಸುತ್ತಿದ್ದಾರೆ. ಯಶಸ್ಸು ಸಿಕ್ಕಿದ್ದರೆ ಸರಿಹೋಗುತ್ತಿದ್ದ ಎಂದು ನಂಬಿದವರು ಇಲ್ಲಿ ತಡೆದು ಯೋಚಿಸಬೇಕು. ಟ್ರಿಗೋರಿನ್ ಇಬ್ಬರ ಕತೆಯೂ ಇರುವ ಪತ್ರಿಕೆಯ ಸಂಚಿಕೆಯನ್ನು ತಂದುಕೊಡುತ್ತಾನೆ. ಆ ಕಾಲದಲ್ಲಿ ಅಂಟಿಕೊಂಡ ಹಾಳೆಗಳನ್ನು ಓದುವವರೇ ಕತ್ತರಿಸಿಕೊಳ್ಳಬೇಕಿತ್ತು. ಟ್ರೆಪ್ಲೆವ್ ಪುಟ ತಿರುವಿ ನೋಡುತ್ತಾನೆ: ಟ್ರಿಗೋರಿನ್ ತನ್ನ ಕತೆಯ ಹಾಳೆಗಳನ್ನು ಕತ್ತರಿಸಿದ್ದಾನೆ, ಟ್ರೆಪ್ಲೆವ್‌ನ ಕತೆಯವನ್ನು ಮುಟ್ಟಿಯೇ ಇಲ್ಲ. ತಾಯಿ ಲಾಟೋ ಆಡುತ್ತಾ, ಮಗನ ಬರಹ ಓದಲು ಪುರುಸೊತ್ತೇ ಆಗಿಲ್ಲ ಎನ್ನುತ್ತಾಳೆ. ಎರಡು ವರ್ಷದ ದುಡಿಮೆಗೆ ಮನೆಯವರು ಕೊಟ್ಟ ಉತ್ತರ ಆ ಕತ್ತರಿಸದ ಹಾಳೆಗಳು.

ಆಮೇಲೆ ಒಬ್ಬನೇ ಕೂತು ತನ್ನ ಹಸ್ತಪ್ರತಿ ಓದುವಾಗ ಅವನು ಒಂದು ದೊಡ್ಡ ವಿಷಯ ಕಂಡುಕೊಳ್ಳುತ್ತಾನೆ. ಹೊಸ ರೂಪ ಎಂದು ಅಷ್ಟು ಕೂಗಾಡಿದವನು ತಾನೇ ರೂಢಿಗೆ ಜಾರುತ್ತಿದ್ದಾನೆ. ರೂಪ ಹಳೆಯದೋ ಹೊಸದೋ ಎಂಬುದಲ್ಲ ಪ್ರಶ್ನೆ, ಬರವಣಿಗೆ ಒಳಗಿನಿಂದ ಹರಿದು ಬರಬೇಕು. ಡಾರ್ನ್ ಎರಡು ವರ್ಷದ ಹಿಂದೆ ಹೇಳಲು ಹೊರಟಿದ್ದ ಮಾತಿನ ಹತ್ತಿರಕ್ಕೆ ಅವನು ಈಗ, ತಾನಾಗಿ ಬಂದಿದ್ದಾನೆ. ಇದು ಬೆಳವಣಿಗೆ. ಟ್ರೆಪ್ಲೆವ್ ಬರೀ ಕುಸಿಯುತ್ತಾ ಹೋದ ಎಂದು ಬರೆಯುವವರು ಈ ಸ್ವಗತವನ್ನು ಓದಿಲ್ಲ. ಅವನು ನಿಜವಾದ ಬರಹಗಾರನಾಗುವ ಹೊಸ್ತಿಲಲ್ಲಿ ಇದ್ದ, ನನ್ನ ಮಟ್ಟಿಗೆ ನಾಟಕದ ತೀವ್ರ ನೋವು ಅಲ್ಲೇ ಇದೆ.

ಆಗ ಕಿಟಕಿ ತಟ್ಟಿದ ಸದ್ದು. ನೀನಾ. ಟ್ರಿಗೋರಿನ್ ಅವಳನ್ನು ಬಿಟ್ಟಿದ್ದಾನೆ, ಹುಟ್ಟಿದ ಮಗು ಸತ್ತಿದೆ, ಈಗ ಯೆಲೆಟ್ಸ್ ಎಂಬ ಊರಿಗೆ ಮೂರನೆಯ ದರ್ಜೆಯ ರೈಲಿನಲ್ಲಿ ನಟಿಸಲು ಹೊರಟಿದ್ದಾಳೆ. ದಣಿದಿದ್ದಾಳೆ, ಮಾತು ತಪ್ಪಿ ತಪ್ಪಿ ಬರುತ್ತದೆ. ಆದರೆ ಕೆಲಸದಲ್ಲಿ ಮುಖ್ಯವಾದದ್ದು ಕೀರ್ತಿಯಲ್ಲ, ಸಹಿಸುವ ಶಕ್ತಿ ಎಂಬುದನ್ನು ಕಲಿತಿದ್ದಾಳೆ. ಟ್ರೆಪ್ಲೆವ್ ತನಗೆ ನಂಬಿಕೆಯೂ ಇಲ್ಲ, ತನ್ನ ದಾರಿ ಯಾವುದೆಂದೂ ಗೊತ್ತಿಲ್ಲ ಎನ್ನುತ್ತಾನೆ. ಹೊರಡುವ ಮುನ್ನ ಅವಳು ಎರಡು ವರ್ಷದ ಹಿಂದಿನ ಆ ವಿಶ್ವಾತ್ಮದ ಮಾತುಗಳನ್ನು ಬಾಯಿಪಾಠವಾಗಿ ಹೇಳುತ್ತಾಳೆ. ನೆನಪಿದೆಯಲ್ಲ, ಅದರ ಹಸ್ತಪ್ರತಿಯನ್ನು ಅವನು ಸುಟ್ಟುಹಾಕಿದ್ದ. ಅವನ ಮೊದಲ ನಾಟಕ ಉಳಿದದ್ದು ಇವಳ ನೆನಪಿನಲ್ಲಿ ಮಾತ್ರ. ಯಾರೋ ಒಬ್ಬರು ಅವನ ಬರಹವನ್ನು ಎದೆಯಲ್ಲಿಟ್ಟುಕೊಂಡು ಎರಡು ವರ್ಷ ಊರೂರು ತಿರುಗಿದ್ದಾರೆ. ಅವನಿಗೆ ಅದು ಕೇಳಿಸಿತೇ? ಕೇಳಿಸಿದ್ದು ಬಹುಶಃ ಇನ್ನೊಂದು ಮಾತು, ಟ್ರಿಗೋರಿನ್‌ನನ್ನು ಮೊದಲಿಗಿಂತ ಹೆಚ್ಚು ಪ್ರೀತಿಸುತ್ತೇನೆ ಎಂದದ್ದು.

ನೀನಾ ಹೋದ ಮೇಲೆ ಅವನಾಡುವ ಕೊನೆಯ ಮಾತು ತಾಯಿಯ ಬಗ್ಗೆ. ಇವಳನ್ನು ತೋಟದಲ್ಲಿ ಯಾರಾದರೂ ಕಂಡು ಅಮ್ಮನಿಗೆ ಹೇಳಿದರೆ ಅಮ್ಮನಿಗೆ ಬೇಸರವಾದೀತು ಎಂಬ ಚಿಂತೆ. ಬಳಿಕ ರಂಗಸೂಚನೆ: ಎರಡು ನಿಮಿಷ ಮಾತಿಲ್ಲದೆ ಹಸ್ತಪ್ರತಿಗಳನ್ನು ಹರಿದು ಮೇಜಿನ ಕೆಳಗೆ ಎಸೆಯುತ್ತಾನೆ, ಬಾಗಿಲು ತೆರೆದು ಹೋಗುತ್ತಾನೆ. ಗಡಿಯಾರ ಇಟ್ಟುಕೊಂಡು ಎರಡು ನಿಮಿಷ ಸುಮ್ಮನೆ ಕೂತು ನೋಡಿ, ರಂಗದ ಮೇಲೆ ಅದೆಷ್ಟು ದೀರ್ಘವೆಂದು ತಿಳಿಯುತ್ತದೆ. ಹೊಸ ನಟರು ಇದನ್ನು ಆವೇಶದಿಂದ ಮುಗಿಸಿಬಿಡಲು ನೋಡುತ್ತಾರೆ. ಚೆಕಾವ್ ಕೇಳಿದ್ದು ಆವೇಶವಲ್ಲ. ಆ ಎರಡು ನಿಮಿಷಗಳಲ್ಲಿ ಯಾರಾದರೂ ಬಾಗಿಲು ತೆರೆದು ಒಳಗೆ ಬಂದಿದ್ದರೆ ಎಂದು ಪ್ರೇಕ್ಷಕರಿಗೆ ಅನ್ನಿಸುವಷ್ಟು ಸಮಯವನ್ನು ಅವನು ಬೇಕೆಂದೇ ಕೊಟ್ಟಿದ್ದಾನೆ. ಅದಕ್ಕೇ ಈ ಸಾವಿನಲ್ಲಿ ವೀರತನವನ್ನೋ ಪ್ರೇಮದ ಮಹಿಮೆಯನ್ನೋ ಹುಡುಕಬೇಡಿ, ನಾಟಕ ಅದನ್ನು ಇಟ್ಟಿಲ್ಲ.

ಚೆಕಾವ್ ಇದನ್ನು ನಾಲ್ಕು ಅಂಕಗಳ ಕಾಮಿಡಿ ಎಂದು ಕರೆದ. 1896ರ ಅಕ್ಟೋಬರಿನಲ್ಲಿ ಪೀಟರ್ಸ್‌ಬರ್ಗಿನ ಅಲೆಕ್ಸಾಂಡ್ರಿನ್‌ಸ್ಕಿ ರಂಗಮಂದಿರದಲ್ಲಿ ಮೊದಲ ಪ್ರದರ್ಶನವಾದಾಗ ಜನಪ್ರಿಯ ಹಾಸ್ಯನಟಿಯೊಬ್ಬಳ ಗೌರವಾರ್ಥದ ಸಂಜೆ ಅದು. ನಗಲು ಬಂದಿದ್ದ ಜನ ನೀನಾಳ ಮಾತಿಗೆ ಗೇಲಿ ಮಾಡಿದರು. ಟ್ರೆಪ್ಲೆವ್‌ಗೆ ರಂಗದ ಮೇಲೆ ಆದದ್ದೇ ಅವನನ್ನು ಸೃಷ್ಟಿಸಿದವನಿಗೂ ಆಯಿತು. ಇನ್ನು ನಾಟಕ ಬರೆಯುವುದಿಲ್ಲ ಎಂದ ಚೆಕಾವ್. 1898ರ ಡಿಸೆಂಬರಿನಲ್ಲಿ ಸ್ತಾನಿಸ್ಲಾವ್‌ಸ್ಕಿ ಮತ್ತು ನೆಮಿರೋವಿಚ್-ದಾನ್ಚೆಂಕೊ ಅವರ ಮಾಸ್ಕೋ ಆರ್ಟ್ ಥಿಯೇಟರ್ ಅದೇ ನಾಟಕವನ್ನು ಆಡಿ ಗೆದ್ದಿತು. ಆ ಪ್ರದರ್ಶನದಲ್ಲಿ ಟ್ರೆಪ್ಲೆವ್ ಆದವನು 24ರ ಯುವಕ ಮೆಯರ್‌ಹೋಲ್ಡ್. ಮುಂದೆ ಆ ತಂಡವನ್ನು ಬಿಟ್ಟು ರಂಗಭೂಮಿಯಲ್ಲಿ ಹೊಸ ರೂಪಗಳನ್ನು ನಿಜವಾಗಿಯೂ ಕಟ್ಟಿದವನು.

ನಿಮ್ಮ ವಿಶ್ಲೇಷಣೆಯನ್ನು ಬರೆಯುವಾಗ ಕೊನೆಯ ಪುಟದ ಬಗ್ಗೆ ಒಂದು ಎಚ್ಚರಿಕೆ ಇರಲಿ. ಗುಂಡಿನ ಸದ್ದು ಕೇಳಿದಾಗ ಡಾರ್ನ್ ಒಳಗೆ ಹೋಗಿ ನೋಡಿ ಬಂದು, ತನ್ನ ಔಷಧದ ಪೆಟ್ಟಿಗೆಯಲ್ಲಿ ಈಥರ್ ಸೀಸೆ ಒಡೆದಿದೆ ಎನ್ನುತ್ತಾನೆ. ಅರ್ಕಾದಿನಾ ಒಂದು ಕ್ಷಣ ಬೆಚ್ಚಿ, ಹಿಂದಿನ ಘಟನೆಯನ್ನು ನೆನೆದು, ಸಮಾಧಾನಗೊಂಡು ಮೇಜಿನ ಬಳಿ ಕೂರುತ್ತಾಳೆ. ಡಾರ್ನ್ ಟ್ರಿಗೋರಿನ್‌ನನ್ನು ಪಕ್ಕಕ್ಕೆ ಕರೆದು, ಅವಳನ್ನು ಎಲ್ಲಿಗಾದರೂ ಕರೆದೊಯ್ಯಿ ಎಂದು ತಗ್ಗಿದ ದನಿಯಲ್ಲಿ ನಿಜ ಹೇಳುತ್ತಾನೆ. ಪರದೆ ಬೀಳುತ್ತದೆ. ತಾಯಿಗೆ ಸುದ್ದಿ ಇನ್ನೂ ತಿಳಿದಿಲ್ಲ. ಆದ್ದರಿಂದ 'ಮಗನ ಸಾವಿನಿಂದ ತಾಯಿಗೆ ತಪ್ಪಿನ ಅರಿವಾಯಿತು' ಎಂಬ ವಾಕ್ಯ ನಿಮ್ಮ ಉತ್ತರದಲ್ಲಿ ಬಂದಿದ್ದರೆ ಹೊಡೆದುಹಾಕಿ, ಅಂಥದ್ದು ನಾಟಕದಲ್ಲಿ ನಡೆಯುವುದೇ ಇಲ್ಲ.